ಲೆಕ್ಕಕ್ಕೆ ಸಿಗದ ಜಗುಲಿ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ನಂಜನಗೂಡಿನ ನಮ್ಮ ಮನೆ ಹುಡುಕಿಕೊಂಡು ಬಂದಿದ್ದಳು. “ಟ್ರೈನಿಂಗಲ್ಲಿ ಎಲ್ಲಾ ಹೇಳಿಕೊಟ್ರು ಮೇಡಂ. ಆದ್ರೂ ನಿಜವಾಗಿ ಕೆಲಸ ಹೇಗಿರುತ್ತೆ ಅಂತ ನಿಮ್ಮನ್ನ ಕೇಳೋಣ ಅಂತ ಬಂದೆ” ಎಂದಳು. ನಾನು ಶುರು ಮಾಡಿದರೆ ನಿಲ್ಲಿಸುವ ಪೈಕಿಯಲ್ಲ. ಎರಡು ಸಲ ಕಾಫಿಯಾಯಿತು, ಅವಳ ಮೈಸೂರು ಬಸ್ಸೂ ತಪ್ಪಿತು, ಹೆಮ್ಮಿಗೆಯ ಜಗುಲಿಯ ವಿಷಯಕ್ಕೆ ಮಾತ್ರ ನಾನಿನ್ನೂ ಬಂದೇ ಇರಲಿಲ್ಲ. ಪಾಪ, ಮುಖ ಸಣ್ಣ ಮಾಡಿಕೊಂಡು ಹೊರಟಳು. ಅವಳಿಗೂ ಅವಳಂಥ ಉಳಿದವರಿಗೂ ಇರಲಿ ಎಂದು ಇದನ್ನು ಬರೆದಿಡುತ್ತಿದ್ದೇನೆ.

ಜನ ಟಿವಿಯಲ್ಲಿ ಏನು ನೋಡುತ್ತಾರೆ ಎಂದು ಅಳೆಯುವ ಕಂಪನಿ ನಮ್ಮದು. ಆಯ್ದ ಕೆಲವು ಮನೆಗಳ ಟಿವಿಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸುತ್ತೇವೆ. ಜೊತೆಗೆ ರಿಮೋಟಿನಂಥದ್ದೊಂದನ್ನು ಕೊಡುತ್ತೇವೆ. ಅದರಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್. ಟಿವಿ ಮುಂದೆ ಕೂತಾಗ ತಮ್ಮ ಬಟನ್ ಒತ್ತಬೇಕು, ಎದ್ದು ಹೋಗುವಾಗ ಮತ್ತೆ ಒತ್ತಬೇಕು. ನೆಂಟರು ಬಂದು ಕೂತರೆ ಅವರಿಗೂ ಒಂದು ಬಟನ್ ಇದೆ. ಹೀಗೆ ಬರುವ ಲೆಕ್ಕ ನೋಡಿಕೊಂಡೇ ಚಾನೆಲ್ಲಿನವರು ಯಾವ ಧಾರಾವಾಹಿ ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುವುದು. ನಂಜನಗೂಡು ಮತ್ತು ಟಿ. ನರಸೀಪುರ ತಾಲ್ಲೂಕುಗಳ ಪೆಟ್ಟಿಗೆಯ ಮನೆಗಳಿಗೆ ಸ್ಕೂಟರಿನಲ್ಲಿ ಹೋಗಿ, ಬಟನ್ ಸರಿಯಾಗಿ ಒತ್ತುತ್ತಿದ್ದಾರೆಯೇ ಎಂದು ವಿಚಾರಿಸಿಕೊಂಡು ಬರುವುದು ನನ್ನ ಉದ್ಯೋಗವಾಗಿತ್ತು.

ನಾನು ಸೇರಿದ ಕಾಲದಲ್ಲಿ ಪೆಟ್ಟಿಗೆ ಇರಲಿಲ್ಲ. ನೋಡಿದ್ದಕ್ಕೆಲ್ಲ ಡೈರಿಯಲ್ಲಿ ಗುರುತು ಹಾಕಿಸಬೇಕಿತ್ತು. ಸುತ್ತೂರಿನಲ್ಲಿ ಒಬ್ಬರು ಮೇಷ್ಟ್ರು ವಾರವಿಡೀ ವಾರ್ತೆಗೂ ಪ್ರವಚನಕ್ಕೂ ಮಾತ್ರ ಗುರುತು ಹಾಕಿಡುತ್ತಿದ್ದರು. ಅವರ ಹೆಂಡತಿ ಒಳಗೆ ಒಗ್ಗರಣೆ ಹಾಕುತ್ತಾ ಅತ್ತೆ ಸೊಸೆ ಧಾರಾವಾಹಿಯ ಹಾಡನ್ನು ಒಂದಕ್ಷರ ತಪ್ಪದೆ ಗುನುಗುತ್ತಿದ್ದರು. ನಾನು ಏನೂ ಕೇಳಿಸದವಳಂತೆ ಡೈರಿ ತೆಗೆದುಕೊಂಡು ಬರುತ್ತಿದ್ದೆ. ಪೆಟ್ಟಿಗೆ ಬಂದಾಗ, ಇನ್ನು ಸುಳ್ಳು ನಡೆಯುವುದಿಲ್ಲ ಎಂದು ಕಂಪನಿ ಬಹಳ ಖುಷಿಪಟ್ಟಿತು. ಆದರೆ ನಮ್ಮ ಸೀಮೆಯಲ್ಲಿ ಸುಳ್ಳಿಗಿಂತ ಗಟ್ಟಿಯಾದದ್ದೊಂದಿದೆ, ಮರ್ಯಾದೆ. ಅದು ಬೆಂಗಳೂರಿನವರಿಗೆ ಹೊಳೆದಿರಲಿಲ್ಲ.

ದೇವನೂರಿನ ಒಂದು ಮನೆಯಿಂದ ವಿಚಿತ್ರ ಲೆಕ್ಕ ಬರತೊಡಗಿತು. ವಯಸ್ಸಾದ ಯಜಮಾನರೊಬ್ಬರು ಬೆಳಗಿನಿಂದ ಸಂಜೆವರೆಗೆ ಅಡುಗೆ ಕಾರ್ಯಕ್ರಮ, ಮಕ್ಕಳ ಕಾರ್ಟೂನು, ಮೆಹಂದಿ ಹಾಕುವ ಕಾರ್ಯಕ್ರಮ ಯಾವುದನ್ನೂ ಬಿಡದೆ ನೋಡುತ್ತಿದ್ದರು. ಹೋಗಿ ನೋಡಿದರೆ ಯಜಮಾನರು ಗದ್ದೆಯಲ್ಲಿದ್ದಾರೆ! ಸೊಸೆಯನ್ನು ಕೇಳಿದೆ. ಆಕೆ ಸೆರಗು ಸರಿಮಾಡಿಕೊಂಡು, “ಮಾವನೋರ್ದ ಮೊದ್ಲು ಒತ್ದೆ ನಮ್ದ ಒತ್ತಕಾಯ್ತದಾ ಮೇಡಮ್ಮೋರೆ? ನೋಡ್ದೋರು ಏನಂದಾರು?” ಎಂದಳು. ಬಟನ್ ಎನ್ನುವುದು ದೇವರಿಗೆ ಹೂವೇರಿಸಿದಂತಲ್ಲ, ಕೂತಿದ್ದವರದ್ದು ಮಾತ್ರ ಒತ್ತಬೇಕು ಎಂದು ವಿವರಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಹೊಸಬರೇ, ಲೆಕ್ಕದಲ್ಲಿ ಏನಾದರೂ ವಿಚಿತ್ರ ಕಂಡರೆ ಮೊದಲು ಪೆಟ್ಟಿಗೆ ಕೆಟ್ಟಿದೆ ಎನ್ನಬೇಡಿ. ಮನೆಗೆ ಹೋಗಿ ಕೂತು ಮಾತಾಡಿಸಿ.

ಕೆಲಸದಲ್ಲಿ ಎರಡು ಕಟ್ಟುನಿಟ್ಟು. ಮೊದಲನೆಯದು, ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂಬುದು ಪಕ್ಕದ ಮನೆಗೂ ತಿಳಿಯಬಾರದು. ಎರಡನೆಯದು, ಇಂಥದ್ದು ನೋಡಿ, ಇಂಥದ್ದು ಬಿಡಿ ಎಂದು ಮನೆಯವರಿಗೆ ಹೇಳಬಾರದು. ನನಗೆ ಇಂಥದ್ದು ಇಷ್ಟ ಎಂದು ಬಾಯಿತಪ್ಪಿಯೂ ಅನ್ನಬಾರದು. ಯಾರೇನು ಕೇಳಿದರೂ “ನೀವು ಮಾಮೂಲಿ ಹೇಗಿರ್ತೀರೋ ಹಾಗೇ ಇರಿ” ಎನ್ನಬೇಕು. ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೆಂದರೆ, ಮದುವೆಯ ಹಿಂದಿನ ದಿನ ನನ್ನ ಮಗಳಿಗೂ ಅದನ್ನೇ ಹೇಳಿ ಬೈಸಿಕೊಂಡಿದ್ದೇನೆ.

ಗುಟ್ಟು ಕಾಪಾಡುವುದರ ಫಜೀತಿ ಕೇಳಬೇಡಿ. ತಿಂಗಳು ತಿಂಗಳು ಒಂದೇ ಮನೆಗೆ ಬರುವ ಹೆಂಗಸು ಯಾರು ಎಂದು ಬೀದಿಯವರು ಕೇಳದೆ ಇರುತ್ತಾರೆಯೇ? ಒಂದು ಊರಿನಲ್ಲಿ ನನ್ನನ್ನು ಕರೆಂಟ್ ಆಫೀಸಿನವಳೆಂದು ಹಿಡಿದು ನಿಲ್ಲಿಸಿ ಬಿಲ್ ಜಾಸ್ತಿ ಬಂದಿದ್ದಕ್ಕೆ ಜಗಳವಾಡಿದರು. ಇನ್ನೊಂದು ಊರಿನಲ್ಲಿ ಹೆಣ್ಣು ಗಂಡು ನೋಡುವವಳೆಂದು ಮೂರು ಮನೆಯವರು ಜಾತಕ ತಂದುಕೊಟ್ಟರು. ಟಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಮಾತ್ರ ಬೀದಿಯವರೇ ಸೇರಿ ನನ್ನನ್ನು ಭಾಗ್ಯಳ ನಂಜನಗೂಡಿನ ಚಿಕ್ಕಮ್ಮ ಎಂದು ತೀರ್ಮಾನಿಸಿಬಿಟ್ಟಿದ್ದರು. ನಾನೂ ಭಾಗ್ಯಳೂ ಇಲ್ಲವೆನ್ನಲಿಲ್ಲ. ಆಮೇಲೆ ಆ ಬೀದಿಯ ನಾಮಕರಣಕ್ಕೂ ಸೀಮಂತಕ್ಕೂ ನನಗೆ ಕರೆ ಬರುವುದು ತಪ್ಪಲಿಲ್ಲ.

ಭಾಗ್ಯಳ ಮನೆಯಲ್ಲಿ ಅವಳ ಗಂಡ ಸಿದ್ದರಾಜು, ಶಾಲೆಗೆ ಹೋಗುವ ಮಗಳು, ಅತ್ತೆ ಮಾದಮ್ಮ, ಮಾವ ಕೆಂಪಯ್ಯ. ಕೆಂಪಯ್ಯನವರು ನಾಲೆಯ ತೂಬು ಎತ್ತಿ ಇಳಿಸಿ ಊರಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯಾಗಿದ್ದು ನಿವೃತ್ತರಾದವರು. ರಿಮೋಟಿನ ಮೊದಲ ಬಟನ್ ಅವರದ್ದು.

ಆಗ ಶುರುವಾದದ್ದೇ ‘ತೂಬು’ ಎಂಬ ಧಾರಾವಾಹಿ, ಶನಿವಾರ ಮತ್ತು ಭಾನುವಾರ ಸಂಜೆ. ನಾಲೆಯ ತೂಬಿನ ಬಾಯಲ್ಲಿ ನೀರುಗಂಟಿಯೊಬ್ಬನ ಹೆಣ ಸಿಗುತ್ತದೆ. ಯಾರು ಕೊಂದರು ಎಂದು ವಸಂತಾ ಎಂಬ ಸಬ್‌ಇನ್‌ಸ್ಪೆಕ್ಟರ್ ಹುಡುಕಲು ಬರುತ್ತಾಳೆ. ಊರಿನಲ್ಲಿ ಎಲ್ಲರಿಗೂ ಅವನ ಮೇಲೆ ಒಂದಲ್ಲ ಒಂದು ಸಿಟ್ಟು, ಯಾಕೆಂದರೆ ಎಲ್ಲರಿಗೂ ನೀರು ತಡವಾಗಿಯೇ ಬಂದಿರುತ್ತದೆ. ಈ ಧಾರಾವಾಹಿಯಲ್ಲಿ ಢಣಾರ್ ಎಂದು ಸದ್ದಾಗುತ್ತಿರಲಿಲ್ಲ. ಒಂದೇ ಮುಖವನ್ನು ಮೂರು ಸಲ ಹತ್ತಿರದಿಂದ ತೋರಿಸುತ್ತಿರಲಿಲ್ಲ. ವಸಂತಾ ಊಟವಾದ ಮೇಲೆ ಡಬ್ಬಿಯನ್ನು ಬೋರಿನ ನೀರಿನಲ್ಲಿ ತಾನೇ ತೊಳೆದುಕೊಳ್ಳುತ್ತಿದ್ದಳು, ಅಷ್ಟು ಹೊತ್ತೂ ಕ್ಯಾಮೆರಾ ಸುಮ್ಮನೆ ನೋಡುತ್ತಿತ್ತು. ಸತ್ತವನ ಹೆಂಡತಿ ಪೊಲೀಸರೆದುರು ಮಾತೇ ಆಡದೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದ ಒಂದು ಕಂತಿದೆ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ. ಪತ್ರಿಕೆಗಳಲ್ಲಿ ಬಲ್ಲವರು ಮೆಚ್ಚಿ ಬರೆದರು. ನಮ್ಮ ಮನೆಯಲ್ಲಿ ಮಾತ್ರ ನಾನೊಬ್ಬಳೇ ನೋಡುತ್ತಿದ್ದೆ. ನಮ್ಮ ಯಜಮಾನರಿಗೆ ಕ್ರಿಕೆಟ್ ಬಿಟ್ಟರೆ ಟಿವಿಯಲ್ಲಿ ಬೇರೆ ಏನಿದೆಯೆಂದೇ ಗೊತ್ತಿಲ್ಲ. ನೋಡಿದ್ದನ್ನು ಯಾರೊಂದಿಗಾದರೂ ಮಾತಾಡದಿದ್ದರೆ ಹೊಟ್ಟೆ ಉಬ್ಬರಿಸುತ್ತದೆ, ಆದರೆ ನನ್ನ ಕೆಲಸದಲ್ಲಿ ಮಾತಾಡುವಂತಿಲ್ಲ.

ಒಂದು ದಿನ ಹೆಮ್ಮಿಗೆಗೆ ಹೋದಾಗ ಕೆಂಪಯ್ಯನವರೇ ತೆಗೆದರು. “ನೀವು ನೋಡ್ತೀರಾ ತಾಯಿ ಅದ, ತೂಬ?” ಎಂದರು. ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅವರಿಗೆ ನನ್ನ ಉತ್ತರ ಬೇಕಿರಲಿಲ್ಲ.

“ಎಲ್ಲಾ ಆ ಜಮೀನ್ದಾರ್‌ನೇ ಕೊಂದವ್ನೆ ಅಂತಾರೆ. ಅವ್ನಲ್ಲ. ಆ ಟೀ ಅಂಗ್ಡಿಯೋನು ಇದ್ದಾನಲ್ಲ, ಪೊಲೀಸ್ನೋರ್ಗೆ ದಿನಾ ಟೀ ಕೊಡ್ತಾನಲ್ಲ, ಅವ್ನು ಕಣವ್ವ. ಎರಡು ತುಂಡು ಗದ್ದೆ ಮಡಿಕಂಡೂ ನೀರ್ ಯಾವಾಗ ಬತ್ತದೆ ಅಂತ ಒಂದ್ ದಪಾನೂ ಕೇಳ್ನಿಲ್ಲ ಅವ್ನು. ನಾನು ಅಷ್ಟು ವರ್ಷ ನೀರು ಬುಟ್ಟೋನು. ನೀರು ಕೇಳ್ದೆ ಇರೋ ರೈತನ್ನ ನಾನು ನೋಡೇ ಇಲ್ಲ. ಅದೂ ಅಲ್ದೆ ಹೆಣ ಸಿಕ್ಕಿದ್ ದಿನ ಅವ್ನ ಚಪ್ಲಿ ಒಲೆ ಪಕ್ಕ ಒಣಗ್ತಾ ಇದ್ವು.”

ಒಳಗಿನಿಂದ ಮಾದಮ್ಮ, “ಸುಮ್ಕಿರಿ ಅತ್ಲಾಗೆ. ಆ ಟೀ ಕೊಡೋ ಬಡಪಾಯಿ ಕೊಲೆ ಮಾಡಾನಾ? ಜಮೀನ್ದಾರ್‌ನೇ ಮಾಡ್ಸಿರೋದು” ಎಂದರು.

“ನೋಡ್ತಿರು ನೀನು ಕೊನೇಗಂಟ. ನಾನ್ ಯೋಳಿದ್ದೇ ಆಗೋದು” ಎಂದು ಕೆಂಪಯ್ಯನವರು ನಕ್ಕರು. ಗಂಡ ಹೆಂಡಿರ ನಡುವೆ ಇದು ದೊಡ್ಡ ಪಂಥವೇ ಆಗಿತ್ತೆಂದು ಭಾಗ್ಯ ಹೇಳಿದಳು.

ಧಾರಾವಾಹಿ ಅರ್ಧಕ್ಕೆ ಬಂದಿರಲಿಲ್ಲ, ಕೆಂಪಯ್ಯನವರು ಮಲಗಿದಲ್ಲೇ ಹೋಗಿಬಿಟ್ಟರು. ಚಿಕ್ಕಮ್ಮ ಎನ್ನಿಸಿಕೊಂಡಿದ್ದ ನಾನು ಮಣ್ಣಿಗೂ ಹೋದೆ, ತಿಥಿಗೂ ಹೋದೆ. ಅದಾದ ಮೇಲೆ ನನ್ನ ಕೆಲಸವೂ ಒಂದಿತ್ತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಬಟನ್‌ನಿಂದ ತೆಗೆಯಬೇಕು. ಈ ಕೆಲಸದಲ್ಲಿ ನನಗೆ ಅತ್ಯಂತ ಬೇಸರದ್ದು ಇದೇ. ನಾನು ರಿಮೋಟಿನ ಮೇಲಿನ ಚೀಟಿ ಕಿತ್ತು ಹೆಸರು ತೆಗೆಯುವಾಗ ಮಾದಮ್ಮ ಬಾಗಿಲಿಗೊರಗಿ ನೋಡುತ್ತಿದ್ದರು.

“ಅಷ್ಟೇನಾ ಮೊಗ?” ಎಂದರು.

“ಅಷ್ಟೇ ಅವ್ವ” ಎಂದೆ. ಹೊರಬಂದು ಸ್ಕೂಟರ್ ಹತ್ತುವಾಗ ಕಣ್ಣು ಮಂಜಾಗಿತ್ತು.

ಸ್ವಲ್ಪ ದಿನಕ್ಕೆ ಮೈಸೂರಿನ ಆಫೀಸಿನಿಂದ ಚಂದ್ರಕಾಂತ ಸರ್ ಫೋನ್ ಮಾಡಿದರು. ಅವರು ನಮ್ಮ ಏರಿಯಾ ಮ್ಯಾನೇಜರ್. ಕೆಟ್ಟವರಲ್ಲ, ಆದರೆ ಅನ್ನದ ಉದಾಹರಣೆಯಿಲ್ಲದೆ ಅವರ ಯಾವ ಮೀಟಿಂಗೂ ಮುಗಿಯುತ್ತಿರಲಿಲ್ಲ. ಪಾತ್ರೆಯ ಒಂದು ಅಗುಳು ಹಿಸುಕಿದರೆ ಇಡೀ ಪಾತ್ರೆಯ ಅನ್ನ ಬೆಂದಿದೆಯೋ ಇಲ್ಲವೋ ತಿಳಿಯುತ್ತದಲ್ಲ, ಹಾಗೆ ಪೆಟ್ಟಿಗೆಯ ಒಂದು ಮನೆ ಸುತ್ತಲಿನ ಎಷ್ಟೋ ಮನೆಗಳ ಅಗುಳು ಎನ್ನುತ್ತಿದ್ದರು. “ನಿಮ್ಮ ಹೆಮ್ಮಿಗೆ ಅಗುಳು ಶನಿವಾರ ಭಾನುವಾರ ಸಂಜೆ ಪೂರ್ತಿ ಆಫ್ ಆಗ್ತಿದೆಯಲ್ರೀ. ವೈರ್ ಏನಾದ್ರೂ ಕಿತ್ತಿದೆಯಾ ನೋಡಿ” ಎಂದರು.

ಶನಿವಾರ ಸಂಜೆಯೇ ಹೋದೆ. ಮನೆಗೆ ಚಿಲಕ ಹಾಕಿತ್ತು. ಎದುರು ಸಾಲಿನ ಟೈಲರ್ ರೇವಣ್ಣನ ಜಗುಲಿಯ ತುಂಬಾ ಜನ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟಿವಿಯನ್ನು ಬೀದಿಗೆ ಮುಖಮಾಡಿ ಇಟ್ಟಿದ್ದಾನೆ. ಜಗುಲಿಯಲ್ಲಿ ಜಾಗ ಸಾಲದೆ ಬೀದಿಯಲ್ಲೂ ಚಾಪೆ ಹಾಸಿದ್ದಾರೆ. ನಡುವೆ ಮಾದಮ್ಮ, ಸಿದ್ದರಾಜು, ಭಾಗ್ಯ, ಮಗು. ಟಿವಿಯಲ್ಲಿ ವಸಂತಾ ಡಬ್ಬಿ ತೊಳೆಯುತ್ತಿದ್ದಾಳೆ!

“ಬಾ ಚಿಕ್ಕವ್ವ, ಕುಂತ್ಕೊ, ಈಗಿನ್ನೂ ಸುರುವಾಯ್ತು” ಎಂದು ರೇವಣ್ಣ ಜಾಗ ಮಾಡಿಕೊಟ್ಟ.

ಆಮೇಲೆ ಭಾಗ್ಯ ವಿಷಯ ಹೇಳಿದಳು. ಸಾವಾದ ಮನೆಯಲ್ಲಿ ಟಿವಿ ಹಾಕಿರಲಿಲ್ಲ. ಹಾಕುವ ಕಾಲ ಬಂದ ಮೇಲೂ ಕೆಂಪಯ್ಯನವರ ಖಾಲಿ ಕುರ್ಚಿಯ ಪಕ್ಕ ಕೂತು ನೋಡಲು ಮಾದಮ್ಮನಿಗೆ ಆಗಲಿಲ್ಲ. ಆಗ ರೇವಣ್ಣನೇ ಬಂದು, “ಬಾ ದೊಡ್ಡವ್ವ, ಕೆಂಪಯ್ಯನೋರು ಯೋಳಿದ್ದು ನಿಜವೋ ಸುಳ್ಳೋ ಎಲ್ರೂ ಸೇರಿ ನೋಡಮ” ಎಂದು ಕರೆದುಕೊಂಡು ಹೋಗಿದ್ದ. ಅವರ ಪಂಥದ ಕಥೆ ಕೇಳಿ ಬೀದಿಯವರೂ ಒಬ್ಬೊಬ್ಬರಾಗಿ ಬಂದು ಕೂತಿದ್ದರು. ಜಾಹೀರಾತು ಬಂದರೆ ಸಾಕು, ಜಗುಲಿ ಎರಡು ಪಾರ್ಟಿಯಾಗುತ್ತಿತ್ತು. ಟೀ ಅಂಗಡಿ ಪಾರ್ಟಿಗೆ ರೇವಣ್ಣ, ಜಮೀನ್ದಾರ್ ಪಾರ್ಟಿಗೆ ಹಾಲಿನ ಡೈರಿಯ ಸೆಕ್ರೆಟರಿ. ಮಾದಮ್ಮ ಯಾವ ಪಾರ್ಟಿಗೂ ಸೇರದೆ ಸುಮ್ಮನೆ ಟಿವಿ ನೋಡುತ್ತಿದ್ದರು. ಗಂಡ ಇದ್ದಾಗ ಅವರೇ ಜಮೀನ್ದಾರ್ ಪಾರ್ಟಿ. ಈಗ ಮನಸ್ಸಿನಲ್ಲಿ ಗಂಡನೇ ಗೆಲ್ಲಲಿ ಎಂದಿತ್ತೆಂದು ನನಗೆ ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

ನನಗಾದ ಸಂತೋಷವನ್ನು ಹೇಗೆ ಹೇಳಲಿ? ಇಷ್ಟು ದಿನ ಒಬ್ಬಳೇ ನುಂಗಿಕೊಂಡಿದ್ದದ್ದನ್ನು ಒಂದು ಬೀದಿಯೇ ಕೂತು ಮಾತಾಡುತ್ತಿತ್ತು. ಮರುಗಳಿಗೆಯೇ ಎದುರಿನ ಬಾಗಿಲ ಕಡೆ ತಿರುಗಿ ನೋಡಿದೆ. ಈ ಬೀದಿಗೆಲ್ಲ ಇರುವುದು ಒಂದೇ ಪೆಟ್ಟಿಗೆ, ಅದು ಚಿಲಕ ಹಾಕಿದ ಮನೆಯಲ್ಲಿ ಕತ್ತಲೆಯಲ್ಲಿ ಕೂತಿದೆ. ಇಲ್ಲಿ ಊರೇ ‘ತೂಬು’ ನೋಡುತ್ತಿದ್ದರೆ ಅದು ಬೆಂಗಳೂರಿಗೆ, ಯಾರೂ ನೋಡುತ್ತಿಲ್ಲ ಎಂದು ಹೇಳಿಕಳಿಸುತ್ತಿದೆ. ಚಂದ್ರಕಾಂತ ಸರ್ ಅವರ ಅಗುಳು ತನ್ನ ಪಾತ್ರೆಯಿಂದ ಎದ್ದು ಪಕ್ಕದ ಪಾತ್ರೆಗೆ ಹೋಗಿ ಕೂತುಬಿಟ್ಟಿತ್ತು.

ಸರ್‌ಗೆ ಇದ್ದದ್ದು ಇದ್ದಂತೆ ಹೇಳಿದೆ. ವೈರ್ ಸರಿಯಾಗಿದೆ, ಮನೆಯವರು ಎದುರುಮನೆಯಲ್ಲಿ ಅದೇ ಹೊತ್ತಿಗೆ ‘ತೂಬು’ ನೋಡುತ್ತಿದ್ದಾರೆ ಎಂದೆ. “ಎದುರುಮನೇಲಿ ಪೆಟ್ಟಿಗೆ ಇದೆಯೇನ್ರೀ?” ಎಂದರು. ಇಲ್ಲ ಎಂದೆ. “ಹಾಗಾದ್ರೆ ನೋಡ್ತಿಲ್ಲ ಅಂತಲೇ ಲೆಕ್ಕ” ಎಂದರು. ಅವರದ್ದೂ ತಪ್ಪಿಲ್ಲ, ನಿಯಮವೇ ಹಾಗೆ.

ಕೆಲವು ವಾರ ಕಳೆದ ಮೇಲೆ ಪತ್ರಿಕೆಯಲ್ಲಿ ಸುದ್ದಿ ಬಂತು. ಮೆಚ್ಚಿದವರು ಬಹಳ, ನೋಡುವವರಿಲ್ಲ, ಆದ್ದರಿಂದ ‘ತೂಬು’ ಬೇಗನೆ ಮುಗಿಯುತ್ತದೆ ಎಂದು. ರೇವಣ್ಣ ಅದನ್ನು ಜಗುಲಿಯಲ್ಲಿ ಗಟ್ಟಿಯಾಗಿ ಓದಿದ. ಆ ದಿನದ ಗಲಾಟೆ ನೋಡಬೇಕಿತ್ತು.

“ನೋಡೋರಿಲ್ಲ ಅಂದ್ರೆ ನಾವೇನು, ಇಲ್ಲಿ ಕಳ್ಳೆಕಾಯಿ ಸುಲೀತಾ ಇದ್ದೀವಾ?” ಎಂದ ಡೈರಿ ಸೆಕ್ರೆಟರಿ. ಅವನು ಸುಲಿಯುತ್ತಲೂ ಇದ್ದ.

“ಯಾವನ್ಲಾ ಅವ್ನು ಎಣ್ಸಿದೋನು? ಅವ್ನು ಈ ಬೀದೀಗೆ ಬಂದಿದ್ನಾ? ಸಿಕ್ಲಿ ನಂಗೆ, ಕತ್ರೀಲಿ ಕಿವಿ ಕುಯ್ದು ಕೈಗೆ ಕೊಡ್ತೀನಿ” ಎಂದ ರೇವಣ್ಣ.

ನಾನೂ ಭಾಗ್ಯಳೂ ಅಕ್ಕಪಕ್ಕ ಕೂತಿದ್ದೆವು. ಅವಳು ನನ್ನನ್ನು ನೋಡಿದಳು, ನಾನು ಚಾಪೆ ನೋಡಿದೆ. ಕಿವಿ ಎರಡೂ ಇವೆಯೇ ಎಂದು ಮುಟ್ಟಿ ನೋಡಿಕೊಂಡೆ. ಹಾಸ್ಯ ಮಾಡುತ್ತಿದ್ದೇನೆ ನಿಜ, ಆದರೆ ಆ ಸಂಜೆ ನನಗೆ ಅಳು ಬರುವಂತಾಗಿತ್ತು. ಇವರ ಮುಂದೆ ಒಂದೇ ಒಂದು ಮಾತು ಹೇಳಿದರೆ ಸಾಕಿತ್ತು, ಚಾಪೆಯನ್ನು ಎದುರುಮನೆಗೆ ಎತ್ತಿಹಾಕಿ ಎಂದು. ಆದರೆ ನಾನು ಆ ಮಾತು ಹೇಳಿದರೆ ನನ್ನ ಇಷ್ಟು ವರ್ಷದ ಲೆಕ್ಕವೆಲ್ಲ ಸುಳ್ಳಾಗುತ್ತದೆ. ನನಗೆ ಇಷ್ಟವಾದದ್ದಕ್ಕೆ ಹೇಳಿಕೊಡಬಹುದಾದರೆ ನಾಳೆ ಇನ್ನೊಬ್ಬಳು ಅವಳಿಗೆ ಇಷ್ಟವಾದದ್ದಕ್ಕೆ ಹೇಳಿಕೊಡುತ್ತಾಳೆ. ಹಲ್ಲುಕಚ್ಚಿ ಸುಮ್ಮನಿದ್ದೆ.

ಮಾದಮ್ಮ ನನ್ನನ್ನು ಕೈಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದರು. ದೀಪ ಹಾಕಿ ಟಿವಿ ಪಕ್ಕದ ಪೆಟ್ಟಿಗೆ ತೋರಿಸಿದರು.

“ಇದು ಇಲ್ಲಿ ಕುಂತ್ಕಂಡು ರೇವಣ್ಣನ ಜಗ್ಲೀಲಿ ನಡ್ಯೋದ ನೋಡೀತಾ?”

ನನಗೆ ಬಾಯಿಪಾಠದ ವಾಕ್ಯ ಬಿಟ್ಟರೆ ಬೇರೆ ಹೊಳೆಯಲಿಲ್ಲ. “ನೀವು ಮಾಮೂಲಿ ಹೇಗಿರ್ತೀರೋ ಹಾಗೇ ಇರಿ ಅವ್ವ” ಎಂದೆ.

ಮಾದಮ್ಮ ಖಾಲಿ ಕುರ್ಚಿಯ ಕಡೆ ಕೈ ತೋರಿಸಿದರು. “ಮಾಮೂಲಿ ಅಂದ್ರೆ ಯಾವ ಮಾಮೂಲಿ ಮೊಗ? ಅವ್ರು ಇದ್ದಾಗಿನ ಮಾಮೂಲಿನಾ, ಈಗಿನ ಮಾಮೂಲಿನಾ?”

ಈ ಪ್ರಶ್ನೆಗೆ ಉತ್ತರ ನನ್ನ ಟ್ರೈನಿಂಗಿನಲ್ಲಿ ಇರಲಿಲ್ಲ. ಸ್ಕೂಟರ್ ಹತ್ತಿ ಬಂದೆ. ಇದನ್ನು ನೀವು ನಂಬಬಹುದು, ಬಿಡಬಹುದು, ನಾನು ಹೇಳಿಕೊಡಲಿಲ್ಲ.

ಮುಂದಿನ ಶನಿವಾರ ಮಾದಮ್ಮ ಬೀದಿಯವರನ್ನೆಲ್ಲ ಮನೆಗೆ ಕರೆದರು. “ಉಳಿದಿರೋದು ನಾಕಾರು ಕಂತು. ಅವ್ರು ಕುಂತು ನೋಡ್ತಿದ್ ಜಾಗ್ದಲ್ಲೇ ನೋಡಿ ಮುಗ್ಸಮ ಬನ್ನಿ” ಎಂದರಂತೆ. ಹಾಗೆ ಕರೆದರೆ ಯಾರು ಬೇಡವೆನ್ನುತ್ತಾರೆ? ಪಡಸಾಲೆ ತುಂಬಿ ಅಡುಗೆಮನೆ ಬಾಗಿಲವರೆಗೂ ಜನ. ಕುರ್ಚಿಯಲ್ಲಿ ಮಾತ್ರ ಯಾರೂ ಕೂರಲಿಲ್ಲ. ಭಾಗ್ಯ ನಾನು ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿ, ಒಬ್ಬೊಬ್ಬರಿಗೊಂದು ಸಲದಂತೆ ನೆಂಟರ ಬಟನ್ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡಳು. ಅದೇನೆಂದು ಯಾರೋ ಕೇಳಿದರೆ “ಸೌಂಡ್ ಜಾಸ್ತಿ ಮಾಡ್ತಿದ್ದೀನಿ” ಎಂದಳಂತೆ.

ಕೊನೆಯ ಕಂತಿಗೆ ನನಗೂ ಕರೆ ಬಂದಿತ್ತು. ಹೋಗದಿರಲು ಆಗಲಿಲ್ಲ. ಚಾನೆಲ್ಲಿನವರು ಬೇಗ ಮುಗಿಸಿ ಎಂದಿದ್ದರೆಂದು ಕಾಣುತ್ತದೆ, ಅಷ್ಟು ನಿಧಾನವಾಗಿ ಹರಿಯುತ್ತಿದ್ದ ಕಥೆ ಆ ದಿನ ಓಡತೊಡಗಿತು. ವಸಂತಾ ಡಬ್ಬಿಯನ್ನೂ ತೊಳೆಯಲಿಲ್ಲ. ಜಮೀನ್ದಾರನ ಲೆಕ್ಕ ಬರೆಯುವ ರೈಟರ್ ಮಳೆಯಲ್ಲಿ ನಿಂತು, ಧಣಿ ಹೇಳಿದ್ದಕ್ಕೆ ನಾನೇ ಕೊಂದೆ ಎಂದು ಒಪ್ಪಿಕೊಂಡ. ಕೈಗೆ ಕೋಳ ಬಿತ್ತು, ಹೆಸರುಗಳು ಬಂದವು, ಮುಗಿಯಿತು. ಕೆಂಪಯ್ಯನವರು ಹೇಳಿದ್ದು ಸುಳ್ಳಾಗಿತ್ತು.

ಗೆದ್ದ ಡೈರಿ ಸೆಕ್ರೆಟರಿಯೂ ತಲೆ ತಗ್ಗಿಸಿ ಕೂತಿದ್ದ. ಎಲ್ಲರೂ ಮಾದಮ್ಮನ ಮುಖ ನೋಡುತ್ತಿದ್ದರು.

ಮಾದಮ್ಮ ಕೇಳಿದರು. “ಆ ಚಪ್ಲಿ ಯಾಕೆ ನೆಂದಿದ್ವು?”

“ಯಾವ ಚಪ್ಲಿ ದೊಡ್ಡವ್ವ?” ಎಂದ ರೇವಣ್ಣ.

“ಟೀ ಅಂಗ್ಡಿಯೋನ್ದು. ಒಲೆ ಪಕ್ಕ ಒಣಗ್ತಿದ್ವಲ್ಲ. ಯಾಕೆ ನೆಂದಿದ್ವು ಅಂತ ಯಾರಾದ್ರೂ ಯೋಳುದ್ರಾ?” ಯಾರೂ ಹೇಳಿರಲಿಲ್ಲ. “ಅಂಗಾರೆ ಇದು ಮುಗುದಿಲ್ಲ. ಬೇಗ ಬಾಗ್ಲಾಕಂಡು ಓಗಿ ಅಂದವ್ರೆ, ಇವ್ರು ಕೈಗೆ ಸಿಕ್ದೋನ್ಗೆ ಕೋಳ ಆಕ್ಬುಟ್ಟು ಓಗವ್ರೆ. ನಮ್ಮೆಜಮಾನ್ರು ಯೋಳಿದ್ದೇ ಸರಿ. ಸೀರಿಯಲ್ನೋರೇ ತಪ್ಪು ಮಾಡವ್ರೆ.”

ಮನೆಯ ತುಂಬಾ ಹೋ ಎಂದು ಸದ್ದೆದ್ದಿತು. ಸಿದ್ದರಾಜು ಅಮ್ಮನ ಕೈಹಿಡಿದುಕೊಂಡು ನಗುತ್ತಾ ಅಳುತ್ತಿದ್ದ. ನಾನೂ ಅತ್ತೆ.

ಅಳುವುದಕ್ಕೆ ಇನ್ನೂ ಇತ್ತು. ಸೋಮವಾರ ಚಂದ್ರಕಾಂತ ಸರ್ ಫೋನ್ ಮಾಡಿದರು. ಅವರ ದನಿಯಲ್ಲಿ ಅನ್ನವೂ ಇರಲಿಲ್ಲ, ಅಗುಳೂ ಇರಲಿಲ್ಲ. “ಅಷ್ಟು ದಿನ ಆಫ್ ಆಗಿದ್ದ ಮನೆ, ಈಗ ಒಂದೇ ಸಲಕ್ಕೆ ಮನೆ ತುಂಬ ನೆಂಟರು, ಅದೂ ಮುಗಿದುಹೋಗೋ ಸೀರಿಯಲ್‌ಗೆ. ನೀವೇನಾದ್ರೂ ಹೇಳಿಕೊಟ್ರಾ? ಬೆಂಗಳೂರಿಂದ ತಪಾಸಣೆಗೆ ಬರ್ತಿದ್ದಾರೆ” ಎಂದರು. ನನ್ನ ನಿವೃತ್ತಿಗೆ ಕೆಲವೇ ತಿಂಗಳಿತ್ತು. ನಮ್ಮ ಕೆಲಸದಲ್ಲಿ, ಮನೆಯವರಿಗೆ ಹೇಳಿಕೊಟ್ಟಳು ಎನ್ನುವುದಕ್ಕಿಂತ ಕೆಟ್ಟ ಹೆಸರಿಲ್ಲ. ಆ ಹೆಸರು ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತದೆಂದು ಹೆದರಿದೆ.

ತಪಾಸಣೆಗೆ ಬಂದವನು ಲ್ಯಾಪ್‌ಟಾಪ್ ಹಿಡಿದ ಯುವಕ. ಹೆಮ್ಮಿಗೆಯ ಮನೆಗೆ ಹೋದಾಗ ನನ್ನನ್ನು ಹೊರಗೆ ಜಗುಲಿಯಲ್ಲಿ ಕೂರಿಸಿದ. ಕಿಟಕಿ ತೆರೆದಿತ್ತು, ಕೇಳಿಸುತ್ತಿತ್ತು. ಅವನು ಮಾದಮ್ಮ, ಸಿದ್ದರಾಜು, ಭಾಗ್ಯ ಮೂವರನ್ನೂ ಸಾಲಾಗಿ ಕೂರಿಸಿ ಕೇಳಲು ಶುರುಮಾಡಿದಾಗ ಮಾದಮ್ಮ ತಡೆದರು.

“ಅಲ್ಲ ಕಣಪ್ಪ, ಎಲ್ರನ್ನೂ ಒಟ್ಗೆ ಕುಂಡ್ರಿಸ್ಕಂಡು ಕೇಳುದ್ರೆ ನಿಜ ಎಂಗೆ ಬತ್ತದೆ? ವಸಂತಮ್ಮ ಆಗಿದ್ರೆ ಒಬ್ಬೊಬ್ರನ್ನೇ ಕೇಳೋಳು.”

ವಸಂತಮ್ಮ ಯಾರೆಂದು ಅವನು ಕೇಳಿದ. ಸಿದ್ದರಾಜು ಹೇಳಿದ. ಹುಡುಗ ಕೆಮ್ಮಿ, ಉಳಿದವರನ್ನು ಹೊರಗೆ ಕಳಿಸಿ, ಮಾದಮ್ಮನನ್ನು ಒಬ್ಬರನ್ನೇ ಕೇಳಿದ.

“ಆ ಧಾರಾವಾಹಿ ನೋಡಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ ಅಜ್ಜಿ?”

“ಊಂ, ಯೋಳುದ್ರು.”

ನಾನು ಜಗುಲಿಯ ಕಂಬ ಹಿಡಿದುಕೊಂಡೆ.

“ಯಾರು?”

“ನನ್ ಗಂಡ. ಕೊನೇಗಂಟ ನೋಡ್ತಿರು ನೀನು ಅಂತ ಯೋಳಿದ್ರು.”

“ಅವರನ್ನ ಸ್ವಲ್ಪ ಕರೀತೀರಾ?”

“ಎಲ್ಲಿಂದ ಕರೀಲಪ್ಪ?” ಎಂದರು ಮಾದಮ್ಮ. ಗೋಡೆಯ ಫೋಟೋ ತೋರಿಸಿರಬೇಕು. “ನೀವೇ ಅಲ್ವಾ ಬಂದು ಎಸ್ರು ತೆಗ್ದಿದ್ದು.”

ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಕೇಳಿಸಿತು. ಹುಡುಗ ಹೊರಗೆ ಬಂದು, “ನಿಮ್ಮದೇನೂ ಇಲ್ಲ ಮೇಡಂ, ನಾನು ಬರೀತೀನಿ” ಎಂದ. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, “ಆ ಟೀ ಅಂಗಡಿಯವನ ಚಪ್ಪಲಿ ಎಷ್ಟನೇ ಕಂತಿನಲ್ಲಿ ಬರುತ್ತೆ?” ಎಂದು ಮೆಲ್ಲಗೆ ಕೇಳಿದ. ನಾನು ಹೇಳಿದೆ.

ನನ್ನ ಹೆಸರು ಉಳಿಯಿತು, ಲೆಕ್ಕ ಉಳಿಯಲಿಲ್ಲ. ಮಾಮೂಲಿಗಿಂತ ತೀರಾ ಹೆಚ್ಚು ಬಂದ ಮನೆಯ ಲೆಕ್ಕವನ್ನು ಕಂಪನಿ ಕೈಬಿಡುತ್ತದೆ. ಜಗುಲಿಯಲ್ಲಿ ಕೂತಾಗ ಪೆಟ್ಟಿಗೆಗೆ ಕಾಣಲಿಲ್ಲ, ಪೆಟ್ಟಿಗೆಯ ಮುಂದೆ ಬಂದು ಕೂತಾಗ ಹೆಚ್ಚಾದರೆಂದು ತೆಗೆದುಹಾಕಿದರು. ಹೆಮ್ಮಿಗೆಯ ಆ ಬೀದಿ ‘ತೂಬು’ ನೋಡಿತ್ತು ಎಂಬುದಕ್ಕೆ ಕಂಪನಿಯಲ್ಲಿ ಯಾವ ಗುರುತೂ ಇಲ್ಲ. ಆ ಮನೆಯ ಪೆಟ್ಟಿಗೆಯನ್ನು ಬಿಚ್ಚಿ ತರಲು ನನ್ನನ್ನೇ ಕಳಿಸಿದರು. ಬಿಚ್ಚುವಾಗ ಮಾದಮ್ಮ ಬೀದಿಯವರನ್ನೆಲ್ಲ ಕರೆದು ಗುಟ್ಟು ಒಡೆದುಬಿಟ್ಟರು. ರೇವಣ್ಣ ಬಾಯಿಬಿಟ್ಟುಕೊಂಡು ನಿಂತ. “ಎಣ್ಸೋಳು ನಮ್ ಪಕ್ಕದಲ್ಲೇ ಕುಂತಿದ್ಯಲ್ಲವ್ವ!” ಎಂದ. ಕಿವಿ ಬೇಕೇನಪ್ಪ ಎಂದೆ.

ಈಗ ನಿವೃತ್ತಿಯಾಗಿದೆ. ‘ತೂಬು’ ಫೋನಿನಲ್ಲಿ ಸಿಗುತ್ತದೆ. ಭಾಗ್ಯಳ ಮಗಳು ಅದನ್ನು ಹೇಗೋ ರೇವಣ್ಣನ ಟಿವಿಗೆ ಜೋಡಿಸಿ ಹಾಕಿಕೊಡುತ್ತಾಳೆ. ಶನಿವಾರ ಸಂಜೆ ಸ್ಕೂಟರ್ ಹತ್ತಿ ನಾನೂ ಹೋಗುತ್ತೇನೆ. ಮೊದಲಿನಿಂದ ಹಾಕಿಕೊಂಡು ನೋಡುತ್ತೇವೆ. ವಸಂತಾ ಡಬ್ಬಿ ತೊಳೆಯುವಾಗ ಎಲ್ಲರೂ ಸುಮ್ಮನಾಗುತ್ತೇವೆ. ಕೊನೆಯ ಕಂತನ್ನು ಹಾಕುವುದಿಲ್ಲ. ಅದಕ್ಕೆ ಮುಂಚಿನದು ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಹೋಗುತ್ತೇವೆ. ಟೀ ಅಂಗಡಿಯವನು ಇನ್ನೂ ಸಿಕ್ಕಿಬಿದ್ದಿಲ್ಲ, ಆದರೆ ಕೊಂದವನು ಯಾರೆಂಬುದರಲ್ಲಿ ಆ ಜಗುಲಿಯಲ್ಲಿ ಈಗ ಎರಡು ಪಾರ್ಟಿ ಇಲ್ಲ.

ಹೋದ ವಾರ ಮಾದಮ್ಮ ಕಡ್ಲೆಪುರಿ ಕಲಸಿ ತಂದಿದ್ದರು. ಹಂಚಲು ಪೇಪರ್ ಹರಿಯುತ್ತಾ, “ಎಷ್ಟು ಜನ ಅವ್ರೆ ಎಣ್ಸು ಮೊಗ. ಎಣ್ಸದೇ ಅಲ್ವಾ ನಿನ್ ಕೆಲ್ಸ” ಎಂದರು.

ಜಗುಲಿಯಲ್ಲಿದ್ದವರನ್ನೂ ಚಾಪೆಯಲ್ಲಿದ್ದವರನ್ನೂ ಬೆರಳು ಮಾಡಿ ಎಣಿಸಿ ಹೇಳಿದೆ.

“ಒಂದು ಕಮ್ಮಿ ಆಯ್ತು” ಎಂದರು ಮಾದಮ್ಮ.

ಮತ್ತೆ ಎಣಿಸಿದೆ. ಅಷ್ಟೇ ಬಂತು. ಮಾದಮ್ಮ ನನ್ನ ಬೆರಳನ್ನೇ ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು. ರಿಮೋಟಿನ ಮೊದಲ ಬಟನ್‌ನ ಚೀಟಿ ಕಿತ್ತಿದ್ದು ಇದೇ ಬೆರಳು.

“ಸೇರಿಸಿದೆ ಅವ್ವ” ಎಂದೆ.

“ಈಗ ಸರಿಯಾಯ್ತು. ಆಕು ಮೊಗ ಟಿವಿಯ” ಎಂದು ಮೊಮ್ಮಗಳಿಗೆ ಹೇಳಿ, ಒಂದು ಪೊಟ್ಟಣವನ್ನು ಪಕ್ಕಕ್ಕೆ ಇಟ್ಟುಕೊಂಡು ಉಳಿದದ್ದನ್ನು ಹಂಚತೊಡಗಿದರು.